ಬೆಳಿಗ್ಗೆ ಮಾತ್ರ ಕೆಡುತ್ತಿದ್ದ ರೈಫಲ್

ನನ್ನ ನಿವೃತ್ತಿಗೆ ಆಗ ಎರಡು ವರ್ಷ ಉಳಿದಿತ್ತು. ಹೊನ್ನಾವರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಡಿಸೆಂಬರಿನ ಒಂದು ಶನಿವಾರ, ಶಾಲೆಗೆಂದು ಕೊಂಡ ಹೊಸ ಏರ್ ರೈಫಲ್ಲನ್ನು ಭಟ್ಕಳದಿಂದ ತಂದು, ಸೋಮವಾರದವರೆಗೆ ಕರ್ಕಿಯ ನಮ್ಮ ಮನೆಯಲ್ಲಿಟ್ಟೆ. ಇದರಲ್ಲಿ ಮದ್ದಿರುವುದಿಲ್ಲ. ಸ್ಪ್ರಿಂಗ್ ಒತ್ತಿದ ಗಾಳಿಯೇ ಸೀಸದ ಪುಟ್ಟ ಗುಂಡನ್ನು ಹತ್ತು ಮೀಟರ್ ದೂರದ ಗುರಿಗೆ ತಳ್ಳುತ್ತದೆ.

ಭಾನುವಾರ ನನ್ನ ಹೆಂಡತಿ ಶಾರದಾ ಜಗಲಿಯಲ್ಲಿ ಕುಳಿತು ಹೊಲಿಗೆ ಯಂತ್ರ, ಈಳಿಗೆ, ಕಿಟಕಿಯ ಚಿಲಕಗಳಿಗೆ ಎಣ್ಣೆ ಹಚ್ಚಿದಳು. ಸಮುದ್ರದ ಗಾಳಿಗೆ ತುಕ್ಕು ಹಿಡಿಯಬಾರದೆಂದು ತಿಂಗಳಿಗೊಮ್ಮೆ ಆ ಕೆಲಸ. ನಾನು ಪೇಪರ್ ಓದುತ್ತಿದ್ದೆ. ಮಧ್ಯಾಹ್ನ ಬಂಗುಡೆ ಸಾರು ಉಂಡು ಮಲಗಿದೆವು.

ಸೋಮವಾರ ಬೆಳಿಗ್ಗೆ ಏಳಕ್ಕೆ ಅಭ್ಯಾಸ. ನಮ್ಮ ಶಾಲೆಯ ಶೂಟಿಂಗ್ ತಂಡದಲ್ಲಿ ಒಳ್ಳೆಯ ಗುರಿಯಿದ್ದವಳು ಒಂಬತ್ತನೇ ತರಗತಿಯ ಪವಿತ್ರಾ. ಕುಮಟಾದಲ್ಲಿ ಮುಂದಿನ ಭಾನುವಾರವೇ ಜಿಲ್ಲಾ ತಂಡದ ಆಯ್ಕೆ ಇತ್ತು.

ಮೂರನೇ ಗುಂಡಿಗೇ ಅವಳು ರೈಫಲ್ ಕೆಳಗಿಟ್ಟಳು. "ಸರ್, ಒತ್ತಿದ ಮೇಲೆ ತಡೆದು ಹೊಡೀತದೆ. ಟ್ರಿಗರ್ ವಾಪಸ್ ಬರೂದಿಲ್ಲ."

ಮಧ್ಯಾಹ್ನ ಮೂರಕ್ಕೆ ನಾನೇ ಹತ್ತು ಗುಂಡು ಹೊಡೆದು ನೋಡಿದೆ. ಏನೂ ತೊಂದರೆ ಕಾಣಲಿಲ್ಲ. ಮಂಗಳವಾರ, ಬುಧವಾರವೂ ಹಾಗೇ ಆಯಿತು. ಬೆಳಿಗ್ಗೆ ಅವಳ ದೂರು, ಮಧ್ಯಾಹ್ನ ನನ್ನ ಪರೀಕ್ಷೆ.

"ದೋಷ ರೈಫಲ್ಲಿನದಲ್ಲ, ನಿನ್ನ ಬೆರಳಿನದು" ಎಂದು ತಂಡದ ಎದುರೇ ಹೇಳಿಬಿಟ್ಟೆ. ಅವಳು ರೈಫಲ್ ಕೆಳಗಿಟ್ಟು ತರಗತಿಗೆ ಹೋದಳು. ಗುರುವಾರ ಅಭ್ಯಾಸಕ್ಕೇ ಬರಲಿಲ್ಲ.

ಅಂದು ಅಭ್ಯಾಸ ಮುಗಿಸಿ ಬೆಳಿಗ್ಗೆಯೇ ಮನೆಗೆ ಮರಳಿದೆ. ಶಾರದಾ ತಲೆಗೆ ಹಚ್ಚುವ ತೆಂಗಿನೆಣ್ಣೆಯ ಬಾಟ್ಲಿಯನ್ನು ಮೆಟ್ಟಿಲ ಮೇಲೆ ಬಿಸಿಲಿಗೆ ಇಡುತ್ತಿದ್ದಳು. ಚಳಿಗೆ ಅದು ಬೆಳ್ಳಗೆ ಹೆಪ್ಪುಗಟ್ಟಿತ್ತು. ಎಂತ ಆತು ಎಂದು ಕೇಳಿದಳು. ಹೇಳಿದೆ.

"ಬಿಸಿಲು ಏರಿದ ಮೇಲೆ ಸಮ ಆತದಾ?"

"ಹೌದು."

ಅವಳು ಬಾಟ್ಲಿಯನ್ನೂ ನನ್ನನ್ನೂ ನೋಡಿದಳು. "ಹಂಗಾರೆ ಆ ಹುಡುಗಿದು ಎಂತ ತಪ್ಪೂ ಇಲ್ಲ ಮಾರಾಯ್ರೇ. ಭಾನುವಾರ ಚಿಲಕಕ್ಕೆ ಹಚ್ಚುವಾಗ ನಿಮ್ಮ ಬಂದೂಕಿನ ಬೆರಳು ಒತ್ತೂ ಬಿಲ್ಲಿಗೂ ನಾನು ಇದೇ ಎಣ್ಣೆ ನಾಲ್ಕು ಹನಿ ಬಿಟ್ಟಿದ್ದೆ. ಹೊಸತು, ತುಕ್ಕು ಹಿಡಿಯೂದು ಬ್ಯಾಡ ಅಂತ."

ಆಮೇಲೆ ನಕ್ಕಳು. "ಬಂದೂಕಿಗೂ ಚಳಿ ಆತದೆ ಅಂತ ನಂಗೆಂತ ಗೊತ್ತು?"

ಅಂದೇ ಶಾಲೆಯಿಂದ ರೈಫಲ್ಲನ್ನು ಕುಮಟಾದ ಬಂದೂಕು ರಿಪೇರಿಯವರ ಹತ್ತಿರ ಒಯ್ದೆ. ಟ್ರಿಗರ್ ಭಾಗ ಬಿಚ್ಚಿ, ಮೇಣದಂತಾಗಿದ್ದ ಎಣ್ಣೆಯನ್ನು ಒರೆಸಿ, ತೆಳ್ಳಗಿನ ಮಷೀನ್ ಎಣ್ಣೆ ಹಾಕಿಕೊಟ್ಟರು. "ಹಲ್ವಾ ಕಾಸೀರಲ್ಲ ಮಾಸ್ತರ್ರೇ" ಎಂದರು.

ಸಂಜೆ ಪವಿತ್ರಾಳ ಮನೆಗೆ ಹೋದೆ. ಶುಕ್ರವಾರ ತಂಡದ ಎದುರೇ ನನ್ನ ಮಾತನ್ನು ಹಿಂತೆಗೆದುಕೊಂಡೆ. ಬೆಳಿಗ್ಗೆಯ ಚಳಿಯಲ್ಲೇ ಅವಳು ಇಪ್ಪತ್ತು ಗುಂಡು ಹೊಡೆದಳು. ಒಂದೂ ತಡೆಯಲಿಲ್ಲ. ಭಾನುವಾರ ಅವಳ ಆಯ್ಕೆಯಾಯಿತು. ಶಾರದಾ ಅವಳಿಗೆ ಚಕ್ಕುಲಿ ಕಟ್ಟಿಕೊಟ್ಟು, "ಇದು ನನ್ನ ದಂಡ" ಎಂದಳು.

ದೂರು ಬಂದ ಹೊತ್ತಿನಲ್ಲೇ ಪರೀಕ್ಷೆ ಮಾಡಬೇಕು ಎಂಬುದನ್ನು ಮೂವತ್ತು ವರ್ಷ ಪಾಠ ಮಾಡಿದ ಮೇಲೆ ಕಲಿತೆ. ಡಿಸೆಂಬರ್ ಬಂದರೆ ಆ ಬಾಟ್ಲಿ ದಿನವೂ ನನ್ನ ಕಣ್ಣೆದುರೇ ಬಿಸಿಲಿಗೆ ಬರುತ್ತಿತ್ತು. ನಾನು ನೋಡಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಶಾರದಾ ತೀರಿಕೊಂಡಳು. ರೈಫಲ್ ಈಗಲೂ ಶಾಲೆಯಲ್ಲಿದೆ, ಚೆನ್ನಾಗಿದೆಯಂತೆ. ನಮ್ಮ ಮನೆಯ ಕಿಟಕಿಯ ಚಿಲಕಗಳು ತುಕ್ಕು ಹಿಡಿದು ಬಿಗಿಯಾಗಿವೆ. ಇಂದು ಬೆಳಿಗ್ಗೆ ಬಚ್ಚಲಲ್ಲಿ ನೋಡಿದೆ, ಬಾಟ್ಲಿಯ ಎಣ್ಣೆ ಹೆಪ್ಪುಗಟ್ಟಿದೆ. ಅದನ್ನು ಬಿಸಿಲಿಗೆ ಇಡುವವಳು ಇಲ್ಲ.