ತೊಟ್ಟಿಲಿಗೆ ಮೊದಲು ಗುಂಡಪ್ಪ

ಭಾರತೀನಗರದ ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಚಿಲಕಕ್ಕಿಂತ ನಂಬಿಕಸ್ಥನಾದ ಕಾವಲುಗಾರನೊಬ್ಬನಿದ್ದಾನೆ: ಒರಳಿನ ಗುಂಡುಕಲ್ಲು. ಮಿಕ್ಸಿ ಬಂದ ಮೇಲೆ ರುಬ್ಬುವ ಕೆಲಸದಿಂದ ನಿವೃತ್ತನಾಗಿ, ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅದಕ್ಕೆ ಒರಗಿ ಕೂತಿರುತ್ತಾನೆ. ಹೋಗುತ್ತ ಬರುತ್ತ ನಾನು ಅವನನ್ನು ಕಾಲಲ್ಲೇ ತಳ್ಳಿ ಸರಿಪಡಿಸುತ್ತಿದ್ದೆ. ಇವನಿಗೂ ಒಂದು ದಿನ ಕುಲಾವಿ ತೊಡಿಸಿ, ಕಾಡಿಗೆಯಿಟ್ಟು ಮುದ್ದಿಸಿದ್ದೆವು ಎಂದರೆ ನಗಬೇಡಿ. ನಿಮ್ಮ ಮನೆಯಲ್ಲೂ ಅದು ನಡೆದಿರಬಹುದು. ಈಗ ಶಾಲೆಗೆ ಹೋಗುವ ನನ್ನ ಮಗಳು ಚಿನ್ನುವಿನ ನಾಮಕರಣದ ದಿನ ತೊಟ್ಟಿಲೇರಿದ್ದು ಮೊದಲು ಅವಳಲ್ಲ, ಗುಂಡಪ್ಪನೆಂದು ಹೆಸರಿಟ್ಟುಕೊಂಡ ಈ ಕಲ್ಲು. ಅವನನ್ನು ತೂಗಿ ಇಳಿಸಿದ ಮೇಲೆ, ಒಂದು ಬದಿಯಲ್ಲಿ ನಿಂತ ಅವ್ವ “ತಗಳವ್ವ, ಕೊಟ್ಟೆ” ಎಂದು ಮಗುವನ್ನು ತೊಟ್ಟಿಲಿನ ಕೆಳಗಿನಿಂದ ಆಚೆ ಬದಿಯ ನನ್ನ ಕೈಗೆ ದಾಟಿಸಿದ್ದಳು. ಕಲ್ಲನ್ನು ಮೊದಲು ತೂಗಿದ್ದು, ಮಗು ಅದರಂತೆ ಗಟ್ಟಿಯಾಗಿರಲಿ ಎಂಬ ಹಾರೈಕೆಗೆ ಎಂದಷ್ಟೇ ನಾನು ತಿಳಿದಿದ್ದೆ.

ಶೆಡ್ಡು, ಚಾವಣಿಗಳಿಗೆ ಲೆಕ್ಕ ಹಾಕಿ ಬದುಕುವ ಎಂಜಿನಿಯರ್ ನಾನು. ಮಳವಳ್ಳಿ ಕಡೆಯ ಗುಡ್ಡವೊಂದರಲ್ಲಿ ಸಾಹಸ ಉದ್ಯಾನ ಮಾಡುವವರು ಕೇಳಿಕೊಂಡರೆಂದು ಜಿಪ್‌ಲೈನ್ ವಿನ್ಯಾಸ ಕಲಿಯಲು ಹೊರಟೆ. ಎತ್ತರದಿಂದ ತಗ್ಗಿಗೆ ಉಕ್ಕಿನ ಹಗ್ಗ ಕಟ್ಟಿ, ರಾಟೆಗೆ ಮನುಷ್ಯನನ್ನು ತೂಗುಹಾಕಿ ಜಾರಿಬಿಡುವ ಆಟ ಅದು. ಹಗ್ಗ ಬಿಗಿಯಾದಷ್ಟೂ ಭದ್ರವೆಂದುಕೊಂಡಿದ್ದೆ. ಅತಿಯಾಗಿ ಬಿಗಿದ ಹಗ್ಗಕ್ಕೆ ಭಾರ ಬಿದ್ದರೆ ಎಳೆತ ತಾಳಲಾರದಷ್ಟು ಏರುತ್ತದೆ, ತುಸು ಜೋತುಬಿದ್ದ ಹಗ್ಗವೇ ಬಾಳುತ್ತದೆ ಎಂದು ಕಲಿಸಿಕೊಟ್ಟರು. ನಮ್ಮ ಕೆಲವು ಬಿಗುಮಾನದ ನೆಂಟರು ನೆನಪಾಗಿ ನಗು ಬಂತು.

ಗುಡ್ಡದಲ್ಲಿ ಎಲ್ಲ ಕಟ್ಟಿ ಮುಗಿಸಿ, ಭಾರಿ ಆಳೊಬ್ಬನಷ್ಟು ತೂಕದ ಮರಳಿನ ಮೂಟೆಯನ್ನು ಮೊದಲು ಬಿಟ್ಟೆವು. ಸರ್ರನೆ ಜಾರಿ, ಆಚೆ ಕಟ್ಟೆಯ ಬ್ರೇಕಿಗೆ ಸಿಕ್ಕು ಮೆತ್ತಗೆ ನಿಂತಿತು. ನಮ್ಮೂರಿನ ಸಕ್ಕರೆ ಕಾರ್ಖಾನೆಯ ಮುಂದಿನ ಕಬ್ಬಿನ ಗಾಡಿಗಳ ಸಾಲು ದಾಟಿ, ಗೆದ್ದವಳಂತೆ ಮನೆಗೆ ಬಂದೆ.

ಅವರೆಕಾಯಿ ಸುಲಿಯುತ್ತ ನನ್ನ ಬಡಾಯಿಯನ್ನೆಲ್ಲ ಕೇಳಿಸಿಕೊಂಡ ಅವ್ವ ಒಂದೇ ಮಾತು ಕೇಳಿದಳು: “ಎಲ್ಲಾರ್ ಮಕ್ಳುನ್ನೂ ಕಳುಸ್ತೀಯ, ಸರಿ ಬುಡು. ನಮ್ ಚಿನ್ನುನ ಕಳುಸ್ತೀಯೇನವ್ವ?”

ಲೆಕ್ಕವೆಲ್ಲ ಸರಿಯಿತ್ತು, ಆದರೂ ನನಗೆ ಭಯವಾಗಿತ್ತು. ನನ್ನ ಮಗಳನ್ನು ತೂಗುಹಾಕಲು ಹೆದರುವ ಹಗ್ಗಕ್ಕೆ ಊರವರ ಮಕ್ಕಳನ್ನು ಯಾವ ಬಾಯಲ್ಲಿ ಕರೆಯಲಿ? ಕೆಲಸ ಬಿಟ್ಟುಬಿಡೋಣವೆಂದೂ ಅನಿಸಿತು. ಆಗ ಬಾಗಿಲ ಬಳಿ ಕೂತಿದ್ದ ಗುಂಡಪ್ಪನ ಮೇಲೆ ಕಣ್ಣು ಬಿತ್ತು. ತೊಟ್ಟಿಲ ಹಗ್ಗ ತಾಳುತ್ತದೋ ಇಲ್ಲವೋ ಎಂದು ಮಗುವಿಗಿಂತ ಮೊದಲು ತೂಗಿ ನೋಡಿದ್ದು ಇವನನ್ನೇ ಅಲ್ಲವೇ? ಆ ದಪ್ಪ ಮೂಟೆ ದೊಡ್ಡವರ ಪರವಾಗಿ ಹೋಗಿಬಂದಿತ್ತು. ಹೂವಿನಷ್ಟು ಹಗುರಾದ ನನ್ನ ಚಿನ್ನುವಿನ ಪರವಾಗಿ ಹೋದವರು ಯಾರು?

ಮರುದಿನ ಅವಳ ತೂಕದ ಸಣ್ಣ ಮೂಟೆ ಕಟ್ಟಿ ಬಿಟ್ಟೆ. ಎದುರುಗಾಳಿಗೆ ಅದು ನಡುದಾರಿಯಲ್ಲೇ ನಿಂತು, ಅಷ್ಟೆತ್ತರದಲ್ಲಿ ಒಂದೇ ಸಮನೆ ಗಿರಗಿರನೆ ತಿರುಗತೊಡಗಿತು. ನನ್ನ ಮಗಳೇ ಅಲ್ಲಿ ಅಳುತ್ತಿರುವಂತೆ ಕಂಡಿತು. ಭಾರದವರು ವೇಗವಾಗಿ ಬಂದು ಬಡಿಯುವುದನ್ನಷ್ಟೇ ಯೋಚಿಸಿದ್ದ ನಾನು, ಹಗುರಾದವರು ತಲುಪದೆಯೇ ಉಳಿಯಬಹುದೆಂಬುದನ್ನು ಕಣ್ಣಾರೆ ಕಂಡೆ. ಮೇಲಿನ ಕಟ್ಟೆಯನ್ನು ಎತ್ತರಿಸಿದೆವು. ಅದರಿಂದ ಭಾರದವರ ವೇಗ ಹೆಚ್ಚಿತು. ಬ್ರೇಕು ಬದಲಿಸಿದೆವು, ಅದು ಕೈಕೊಟ್ಟರೆ ಇರಲೆಂದು ಮತ್ತೊಂದನ್ನೂ ಇಟ್ಟೆವು. ಆಮೇಲೆ ದೊಡ್ಡ ಮೂಟೆ, ಸಣ್ಣ ಮೂಟೆ, ಗಾಳಿಯಿದ್ದಾಗ, ಇಲ್ಲದಾಗ, ಜೊತೆಯವರಿಗೆ ನನ್ನನ್ನು ಕಂಡರೆ ಬೇಸರ ಹುಟ್ಟುವಷ್ಟು ಸಲ. ಅಕ್ಕರೆಗೆ ಇಷ್ಟು ಅನುಮಾನ ಇರಲೇಬೇಕೇನೋ ಎಂದು ಆ ದಿನಗಳಲ್ಲಿ ನನಗೆ ಅನಿಸುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಅವ್ವನನ್ನೂ ಚಿನ್ನುವನ್ನೂ ಕರೆದೊಯ್ದೆ. ಅವ್ವ ಸಣ್ಣ ಮೂಟೆಯ ಕೆನ್ನೆಯನ್ನು ಅದೆಲ್ಲಿ ಗುರುತಿಸಿದಳೋ, ಕಾಡಿಗೆಯ ಬೊಟ್ಟಿಟ್ಟು, “ಉಸಾರಾಗಿ ಓಗಪ್ಪ, ಗುಂಡಪ್ಪ” ಎಂದಳು. ಅವನು ಹುಷಾರಾಗಿಯೇ ಬಂದು ಕೆಳಗಿನ ಕಟ್ಟೆಯಲ್ಲಿದ್ದ ನನ್ನ ಕೈಸೇರಿದ. ಮೇಲೆ ಚಿನ್ನುವಿನ ಪಟ್ಟಿಗಳನ್ನು ಬಿಗಿದು, ಎರಡೆರಡು ಬಾರಿ ಎಳೆದು ನೋಡಿದರು. ಆಗ ಮೇಲಿನಿಂದ ಅವ್ವನ ದನಿ ನಡುವಿನ ಹಳ್ಳವನ್ನು ದಾಟಿ ಬಂತು:

“ತಗಳವ್ವ, ಕೊಟ್ಟೆ!”

ಕಿರುಚುತ್ತ, ನಗುತ್ತ ಬಂದ ಮಗಳನ್ನು ಅಪ್ಪಿಕೊಂಡು ನಾನು ನಾಚಿಕೆಯಿಲ್ಲದೆ ಅತ್ತೆ.

ಗುಂಡಪ್ಪ ಈಗಲೂ ಹಿತ್ತಿಲ ಬಾಗಿಲಲ್ಲೇ ಇದ್ದಾನೆ. ಗಾಳಿಗೆ ಬಾಗಿಲು ಅಲುಗಿದಾಗ ಹಳೆಯ ಅಭ್ಯಾಸದಂತೆ ನನ್ನ ಕಾಲು ಮುಂದಾಗುತ್ತದೆ. ಅದನ್ನು ಹಿಂದಕ್ಕೆಳೆದುಕೊಂಡು, ಬಗ್ಗಿ, ಎರಡೂ ಕೈಯಲ್ಲಿ ಅವನನ್ನು ಎತ್ತಿ ಇಡುತ್ತೇನೆ.