ಲ್ಯಾಪ್‌ಟಾಪಿನೊಳಗೊಂದು ಹಳೆಯ ಕಂಪ್ಯೂಟರ್

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕ ಎಂಟರ್ ಒತ್ತಿ ಕಾದರು. ಲ್ಯಾಪ್‌ಟಾಪ್ ತುಟಿ ಪಿಟಕ್ಕೆನ್ನಲಿಲ್ಲ.

ಮನೆಯಲ್ಲೂ ಆಫೀಸಿನಲ್ಲೂ ಎಲ್ಲರಿಗೂ ಅವರು ಅಕ್ಕನೇ. ಹುಟ್ಟಿನಿಂದ ಕಣ್ಣು ಕಾಣದು. ಹದಿನಾರು ವರ್ಷಗಳಿಂದ ಆಸ್ಪತ್ರೆಯೊಂದರಲ್ಲಿ ವೈದ್ಯರ ಮಾತಿನ ರೆಕಾರ್ಡಿಂಗ್ ಕೇಳಿ ವರದಿ ಟೈಪ್ ಮಾಡುತ್ತಾರೆ. ಪರದೆಯ ಮೇಲಿರುವುದನ್ನು ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ಕಳೆದ ವಾರ ಆಫೀಸಿನವರು ಕೊಟ್ಟ ಹೊಸ ಲ್ಯಾಪ್‌ಟಾಪಿನಲ್ಲಿ ವರದಿಯ ಹಳೆಯ ಸಾಫ್ಟ್‌ವೇರ್ ನಡೆಯದು. ಹೊಸ ಸಾಫ್ಟ್‌ವೇರಿನಲ್ಲಿ ಪರದೆಯ ಗುಂಡಿಗಳಿಗೆ ಹೆಸರೇ ಕೊಟ್ಟಿಲ್ಲ. ಸ್ಕ್ರೀನ್ ರೀಡರ್ ಎಲ್ಲಕ್ಕೂ "ಬಟನ್, ಬಟನ್" ಎನ್ನುತ್ತದೆ. ಸೋಮವಾರದೊಳಗೆ ದಾರಿ ಕಾಣದಿದ್ದರೆ ಬಂದವರಿಗೆ ಮಾಹಿತಿ ಕೊಡುವ ವಿಚಾರಣೆಯ ಮೇಜಿಗೆ ವರ್ಗ ಎಂದು ಮೇಲ್ವಿಚಾರಕರು ಹೇಳಿದ್ದರು. ಉಳಿದದ್ದು ಒಂದೇ ಉಪಾಯ: ಹೊಸ ಯಂತ್ರದ ಒಳಗೇ ಹಳೆಯ ಕಾಲದ ಕಂಪ್ಯೂಟರೊಂದನ್ನು ಕೂರಿಸುವುದು. ಅದೇ ವರ್ಚುವಲ್ ಮಷೀನ್.

ಇದು ಮೂರನೇ ಪ್ರಯತ್ನ. ಹಿಂದಿನ ಎರಡು ಸಲ, ಏನೂ ಕೇಳದಿದ್ದಾಗ ಕೆಟ್ಟಿತೆಂದುಕೊಂಡು ಅಳಿಸಿಹಾಕಿದ್ದರು. ಈ ಸಲ, ಪಕ್ಕದ ಕೋಣೆಯಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಿದ್ದ ತಂಗಿಯನ್ನು ಕೂಗಿದರು.

"ಏನ್ ಕಾಣ್ತಿದೆ ಹೇಳೇ."

"ನೀಲಿ."

"ನೀಲಿ ಅಂದ್ರೆ?"

"ನೀಲಿ ಅಂದ್ರೆ ನೀಲಿ ಕಣಕ್ಕ."

"ಎರಡು ಕಣ್ಣಿಟ್ಕೊಂಡು ನಿಂಗೆ ಸಿಕ್ಕಿದ್ದು ಬಣ್ಣ ಒಂದೇನಾ? ಅಕ್ಷರ ಓದು."

"ಸ್ವಾಗತ ಅಂತಿದೆ. ಕೆಳಗೆ ಮೂಲೇಲಿ ಪುಟ್ಟ ಸ್ಪೀಕರ್, ಅದರ ಮೇಲೊಂದು ಕೆಂಪು ಗೀಟು."

ಅಕ್ಕ ಹಣೆ ಚಚ್ಚಿಕೊಂಡರು. ಒಳಗೊಂದು ಹೊರಗೊಂದು ದನಿ ಒಟ್ಟಿಗೆ ಮಾತಾಡಿದರೆ ತಲೆ ಚಿಟ್ಟು ಹಿಡಿಯುತ್ತದೆಂದು, ಒಳಗಿನ ಕಂಪ್ಯೂಟರಿನ ಸೌಂಡನ್ನು ಶುರುವಿನಲ್ಲೇ ತೆಗೆದವರು ಅವರೇ. ಮೂರೂ ಸಲ. ಹೊರಗಿನ ಸ್ಕ್ರೀನ್ ರೀಡರೇ ಒಳಗಿನದನ್ನೂ ಓದೀತು ಎಂಬ ಲೆಕ್ಕಾಚಾರ. ಅದಕ್ಕೋ, ಒಳಗಿನ ಪರದೆಯೆಲ್ಲ ಬರೀ ಒಂದು ಚಿತ್ರ; ಚಿತ್ರದೊಳಗಿನ ಅಕ್ಷರ ಅದು ಓದದು.

"ಅಂದ್ರೆ ಮೊದಲ ಸಲಾನೇ ಸರಿಯಾಗಿತ್ತಾ?" ತಂಗಿ ಕೇಳಿದರು.

"ಬಾಯಿಗೆ ಬಟ್ಟೆ ತುರುಕಿ, ಯಾಕೋ ಮಾತಾಡ್ತಿಲ್ಲ ಅಂತ ಬೈದ ಹಾಗಾಯ್ತು."

ಒಳಗಿನದನ್ನು ಮುಚ್ಚಿ, ಸೌಂಡ್ ಕೊಟ್ಟು, ಮತ್ತೆ ತೆರೆದರು. ಒಳಗಿನ ಕಂಪ್ಯೂಟರಿನದೇ ಸ್ಕ್ರೀನ್ ರೀಡರ್ ಎದ್ದು "ಸ್ವಾಗತ" ಎಂದಿತು. ಹೊರಗಿನದು ಹೆಣ್ಣು ದನಿ. ಗೊಂದಲವಾಗದಿರಲೆಂದು ಒಳಗಿನದಕ್ಕೆ ಗಂಡು ದನಿ ಆರಿಸಿದರು.

"ಅಂತೂ ಹೇಳಿದ್ದು ಕೇಳೋ ಗಂಡಸು ಒಬ್ಬ ಸಿಕ್ಕಿದ," ಎಂದರು ತಂಗಿ.

"ಹೋಗೇ, ನಿನ್ನ ಕಾಲರ್ ನೋಡ್ಕೋ."

ಹಳೆಯ ಸಾಫ್ಟ್‌ವೇರ್ ಹಾಕಿ ನಾಲ್ಕು ಸಾಲು ಟೈಪ್ ಮಾಡಿದರು. ಗಂಡು ದನಿ ನಾಲ್ಕನ್ನೂ ಚಾಚೂ ತಪ್ಪದೆ ಓದಿತು. ಅಕ್ಕ ಕುರ್ಚಿಗೆ ಒರಗಿ ಉಸಿರು ಬಿಟ್ಟರು. ವಾರವಿಡೀ ಬಿಗಿದಿದ್ದ ಭುಜಗಳು ಇಳಿದವು. ಆ ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿದರು.

ಸೋಮವಾರ ಒಂಬತ್ತಕ್ಕೆ ಅವರು ತಮ್ಮ ಜಾಗದಲ್ಲೇ ಕೂತರು. ಮೊದಲು ಬಂದದ್ದು ಮೊಣಕಾಲಿನ ಎಕ್ಸ್‌ರೇ ವರದಿ.