ಸ್ಪಿರಿಟ್ ವಾಸನೆಯ ಶ್ರೀಕಂಠ ಮಾಮ

ಶ್ರೀಕಂಠ ಮಾಮ ಬಂದರೆಂದು ತಿಳಿಯಲು ಬಾಗಿಲ ಕಡೆ ನೋಡಬೇಕಾಗಿರಲಿಲ್ಲ. ಅವರಿಗಿಂತ ಮೊದಲೇ ಸ್ಪಿರಿಟ್ ವಾಸನೆ ಒಳಗೆ ಬರುತ್ತಿತ್ತು. ಜೇಬಿನಲ್ಲಿ ಸದಾ ಒಂದು ಪುಟ್ಟ ಶೀಷೆ, ಒಂದಿಷ್ಟು ಹತ್ತಿ. ಔಷಧಿ ಮುಟ್ಟುವ ಮೊದಲು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುವರು. "ಔಷಧಿ ಅಂದ್ರೆ ಪ್ರಸಾದ ಇದ್ದ ಹಾಗೆ ಕಣಮ್ಮ. ಕೊಳಕು ಕೈಲಿ ಮುಟ್ಬಾರ್ದು" ಎನ್ನುವರು. ಒಮ್ಮೆ ನಮ್ಮ ಮನೆಯ ಮದುವೆಯಲ್ಲಿ ಅಕ್ಷತೆ ಹಿಡಿಯುವ ಮೊದಲೂ ಶೀಷೆ ತೆಗೆದರು. ಪುರೋಹಿತರು ಮಂತ್ರ ನಿಲ್ಲಿಸಿ ಮೂಗು ಮುಚ್ಚಿಕೊಂಡರು. ಅಮ್ಮ ಮಾತ್ರ, "ಮಡಿ ಅಂದ್ರೆ ಅದು!" ಎಂದು ಮೆಚ್ಚಿಕೊಂಡಳು.

ಮಾಮ ನಮ್ಮಪ್ಪನ ಸ್ನೇಹಿತರು. ಮಾಮೂಲ್‌ಪೇಟೆಯಲ್ಲಿ ಅವರದು ಔಷಧಿಯ ಹೋಲ್‌ಸೇಲ್ ಅಂಗಡಿ. ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ಟ್ರಸ್ಟೊಂದು ಬಡವರಿಗೆ ಅರ್ಧ ಬೆಲೆಗೆ ಔಷಧಿ ಕೊಡುವ ಕೌಂಟರ್ ತೆರೆದಾಗ, ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಮಾಡಿ ಸಂಜೆ ಅಲ್ಲಿ ಕೂರುತ್ತಿದ್ದವಳು ನಾನು. ಕಂಪನಿಗಳು ರಿಯಾಯಿತಿ ಮಾಲನ್ನು ನೇರವಾಗಿ ನಮಗೆ ಕಳಿಸುತ್ತಿರಲಿಲ್ಲ. ಹೋಲ್‌ಸೇಲ್ ವ್ಯಾಪಾರಿಯ ಮೂಲಕವೇ ಬರಬೇಕಿತ್ತು. ಆ ಕೆಲಸವನ್ನು ಮಾಮ ತಾವಾಗಿಯೇ ವಹಿಸಿಕೊಂಡರು. ಅಂಗಡಿಗಳಿಗೆ ಸೋರಿಹೋಗದಿರಲೆಂದು ಆ ಮಾಲಿನ ಪ್ರತಿ ಸ್ಟ್ರಿಪ್ಪಿನ ಬೆನ್ನಿಗೂ 'ಟ್ರಸ್ಟ್ ರೋಗಿಗಳಿಗೆ ಮಾತ್ರ' ಎಂಬ ನೇರಳೆ ಬಣ್ಣದ ಮೊಹರು ಬಿದ್ದಿರುತ್ತಿತ್ತು.

ನನ್ನ ತಂಗಿ ಲಲಿತಳಿಗೆ ಫಿಟ್ಸ್ ಬರುತ್ತಿತ್ತು. ದಿನವೂ ಮಾತ್ರೆ ನುಂಗಿದರೆ ಎಲ್ಲರಂತೆ ಇರುತ್ತಿದ್ದಳು. ಅಪ್ಪ ಹೋದಮೇಲೆ ನಾವೂ ಆ ಕೌಂಟರಿನ ಗಿರಾಕಿಗಳೇ. ಮಾಮ ಅವಳ ತಲೆ ಸವರಿ, "ನಾನಿರೋವರ್ಗೂ ನಿನ್ನ ಮಾತ್ರೆ ತಪ್ಪಲ್ಲ ಪುಟ್ಟಿ" ಎಂದಿದ್ದರು. ಅಮ್ಮ ದೇವರಿಗೆ ದೀಪ ಹಚ್ಚುವಾಗ ಅವರ ಹೆಸರನ್ನೂ ಸೇರಿಸಿಕೊಳ್ಳುತ್ತಿದ್ದಳು.

ಬರಬರುತ್ತ ಮಾಲು ಕಡಿಮೆಯಾಯಿತು. "ಕಂಪನಿಯಿಂದಾನೇ ಬರ್ತಿಲ್ಲ, ನಾನೇನ್ ಮಾಡ್ಲಮ್ಮ? ನಂಗೂ ಹೊಟ್ಟೆ ಉರಿಯಲ್ವ?" ಎಂದು ಮಾಮ ಕಣ್ಣೊರೆಸಿಕೊಂಡರು. ಟ್ರಸ್ಟಿನ ಕಾರ್ಯದರ್ಶಿಗಳು, "ಕಂಪನಿಯವ್ರು ಕಳಿಸಿದೀವಿ ಅಂತಾರಲ್ಲ ಮೇಡಂ" ಎಂದಾಗ ನಾನು ಅವರ ಮೇಲೆಯೇ ಹರಿಹಾಯ್ದೆ. "ಮಾಮನ ಮೇಲೆ ಅನುಮಾನ ಪಟ್ರೆ ನಮ್ಮ ಬಾಯಲ್ಲಿ ಹುಳ ಬೀಳುತ್ತೆ ಸಾರ್!"

ಲಲಿತಳ ಮಾತ್ರೆಯೂ ಮುಗಿಯಿತು. ಅಂಗಡಿಯಲ್ಲಿ ಕೊಳ್ಳೋಣವೆಂದರೆ ಮಾಮ ಬಿಡಲಿಲ್ಲ. "ಸುಮ್ನೆ ಯಾಕೆ ದುಡ್ಡು ಸುರೀತೀಯ? ನಾಳೆ ನಾನೇ ತರ್ತೀನಿ" ಎಂದರು. ಮರುದಿನವೂ ಅದೇ ಮಾತು. ನಾವು ಕಾದೆವು. ಹಾಗೆ ಕಾಯುತ್ತಿದ್ದಾಗಲೇ ಒಂದು ಬೆಳಿಗ್ಗೆ ಅನ್ನ ಬಸಿಯುತ್ತಿದ್ದ ಲಲಿತ ಫಿಟ್ಸ್ ಬಂದು ಬಿದ್ದಳು. ಕುದಿಯುವ ಗಂಜಿ ಅವಳ ಬಲಗೈ ಮೇಲೆ ಚೆಲ್ಲಿತು. ಮೊಣಕೈವರೆಗೂ ಚರ್ಮ ಸುಲಿದುಹೋಯಿತು.

ಆಸ್ಪತ್ರೆಯಿಂದ ಬರುತ್ತ ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಪೂರ್ತಿ ಬೆಲೆ ಕೊಟ್ಟು ಮಾತ್ರೆ ಕೊಂಡೆ. ಸ್ಟ್ರಿಪ್ ತಿರುಗಿಸಿದರೆ, ಹಾಳೆಯ ಸಣ್ಣ ಗೀರುಗಳೊಳಗೆ ನೇರಳೆ ಬಣ್ಣ. ಬೆಳಕಿಗೆ ಹಿಡಿದೆ. ಉಳಿದದ್ದೆಲ್ಲ ಅಳಿಸಿಹೋಗಿತ್ತು, 'ರೋಗಿಗಳಿಗೆ' ಎಂಬುದು ಮಸುಕಾಗಿ ಉಳಿದಿತ್ತು.

"ಇದು ಯಾರ ಮಾಲಪ್ಪ?" ಎಂದೆ.

"ಮಾಮೂಲ್‌ಪೇಟೆ ಶ್ರೀಕಂಠಯ್ಯನವ್ರದು ಮೇಡಂ. ಅವ್ರ ಹತ್ರ ಎಷ್ಟು ಬೇಕಾದ್ರೂ ಸಿಗುತ್ತೆ."

ಮೊಹರನ್ನು ಯಾವುದರಿಂದ ಅಳಿಸಿದ್ದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಥೂ, ಆ ವಾಸನೆಯನ್ನೇ ಅಲ್ಲವೇ ನಾವು ಮಡಿ ಎಂದುಕೊಂಡದ್ದು!

ನೇರ ಅವರ ಅಂಗಡಿಗೆ ಹೋಗಿ ಸ್ಟ್ರಿಪ್ ಮುಂದಿಟ್ಟೆ. ಮಾಮ ಗಾಬರಿಯಾಗಲಿಲ್ಲ. ಕನ್ನಡಕ ಏರಿಸಿ ನೋಡಿದರು. ಶೀಷೆ ತೆಗೆದು, ಹತ್ತಿ ಅದ್ದಿ, ಆ ಗೀರುಗಳನ್ನು ನಿಧಾನವಾಗಿ ಉಜ್ಜಿದರು. ಸ್ಟ್ರಿಪ್ ನನ್ನ ಕೈಗೆ ವಾಪಸು ಕೊಟ್ಟು, "ಏನೂ ಇಲ್ವಲ್ಲಮ್ಮ. ಬಿಸಿಲಲ್ಲಿ ಬಂದಿದೀಯ, ಕಾಫಿ ತರಿಸ್ಲಾ?" ಎಂದರು.

"ಲಲಿತನ ಕೈ ಮೇಲೂ ಗುರುತು ಬಿದ್ದಿದೆ ಮಾಮ. ಅದನ್ನೂ ಒರೆಸಿಕೊಡ್ತೀರಾ?"

ಮಾಮ ತಲೆ ತಗ್ಗಿಸಿ, ಅದೇ ಹತ್ತಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳತೊಡಗಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.